ಮಕ್ಕಳನ್ನು ಕರೆದುಕೊಂಡು ಸಿಸ್ಟರ್‌ಗಳ ಆಶ್ರಯಮನೆಗೆ ಹೋಗುವ ಮುನ್ನ

"ನಾವು ಕ್ರಿಶ್ಚಿಯನ್ನರಲ್ಲ, ಒಳಗೆ ಬಿಡ್ತಾರಾ?" "ಕಂಪ್ಲೇಂಟ್ ಕೊಡದೆ ಹೋದ್ರೆ ಸೇರಿಸ್ಕೊಳ್ತಾರಾ?" "ಮಗನಿಗೆ ಹನ್ನೊಂದು ವರ್ಷ, ಅವನನ್ನ ಎಲ್ಲಿ ಬಿಡಲಿ?" "ಅವರೇ ನನ್ನ ಗಂಡನಿಗೆ ಫೋನ್ ಮಾಡಿ ಕರೆಸಿಬಿಟ್ರೆ?"

ಗಂಡನ ಹೊಡೆತ ತಾಳಲಾರದೆ ಮನೆ ಬಿಡಬೇಕು ಅಂದುಕೊಂಡ ಹೆಂಗಸು ಚರ್ಚಿನವರು, ಅಂದರೆ ಸಿಸ್ಟರ್ ಅಂತ ಕರೆಯುವ ಕ್ರೈಸ್ತ ಸನ್ಯಾಸಿನಿಯರು, ನಡೆಸುವ ಆಶ್ರಯದ ಬಗ್ಗೆ ಕೇಳುವುದು ಹೆಚ್ಚಾಗಿ ಇದನ್ನೇ. ಮೊದಲಿನ ಎರಡಕ್ಕೆ ಉತ್ತರ ಸುಲಭ. ಸಾಮಾನ್ಯವಾಗಿ ಎಲ್ಲ ಧರ್ಮದವರನ್ನೂ ಸೇರಿಸಿಕೊಳ್ಳುತ್ತಾರೆ, ಕಂಪ್ಲೇಂಟ್ ಇರಲೇಬೇಕು ಅಂತೇನಿಲ್ಲ. ಮೂರನೆಯದು ಒಂದೊಂದು ಕಡೆ ಒಂದೊಂದು ಥರ. ನಾಲ್ಕನೆಯದನ್ನು ಮಾತ್ರ ಹೋಗುವ ಮೊದಲೇ ಬಾಯಿಬಿಟ್ಟು ಕೇಳಬೇಕು. ಕರ್ನಾಟಕದಲ್ಲಿ ಇಂಥ ಮನೆಗೆ ಹೋಗುವುದು ಹೇಗೆ, ಒಳಗೆ ಏನಿರುತ್ತದೆ, ಅಲ್ಲಿಂದ ಮುಂದೆ ಏನು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ಓದುತ್ತಿರುವುದು ನೀವೇ ಆ ಹೆಂಗಸು ಆಗಿರಬಹುದು, ಅವಳ ಅಕ್ಕನೋ ಪಕ್ಕದ ಮನೆಯವರೋ ಆಗಿರಬಹುದು.

ಈ ಕ್ಷಣವೇ ಹೊಡೆತ ಬೀಳುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ. ಹೆಂಗಸರ ಸಹಾಯವಾಣಿ 181, ಮಕ್ಕಳದ್ದು 1098. ಮೂರಕ್ಕೂ ದುಡ್ಡು ಬೇಕಿಲ್ಲ.

ಕಾಂಪೌಂಡ್ ಒಳಗೆ ಇರುವುದೆಲ್ಲ ಆಶ್ರಯಮನೆಯಲ್ಲ

ಚರ್ಚಿನ ಕಾಂಪೌಂಡ್ ಅಂದರೆ ಅಲ್ಲಿ ಶಾಲೆ ಇರಬಹುದು, ಆಸ್ಪತ್ರೆ ಇರಬಹುದು, ಹುಡುಗಿಯರ ಬೋರ್ಡಿಂಗ್, ವೃದ್ಧಾಶ್ರಮ, ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ ಇರಬಹುದು. ಸಿಸ್ಟರ್‌ಗಳು ಇದ್ದಾರೆ ಅಂದಮಾತ್ರಕ್ಕೆ ಅಲ್ಲಿ ಮಕ್ಕಳೊಂದಿಗೆ ಬಂದ ಹೆಂಗಸಿಗೆ ಮಂಚ ಇರುತ್ತದೆ ಅಂತ ಅಲ್ಲ. ಮದರ್ ತೆರೇಸಾ ಅವರ ಸಿಸ್ಟರ್‌ಗಳ ಮನೆಗಳು ಮುಖ್ಯವಾಗಿ ಕಾಯಿಲೆಯವರಿಗೆ, ದಿಕ್ಕಿಲ್ಲದವರಿಗೆ. ವೈಡಬ್ಲ್ಯೂಸಿಎ ಅನ್ನುವ ಕ್ರೈಸ್ತ ಹೆಂಗಸರ ಸಂಸ್ಥೆಯ ಹಾಸ್ಟೆಲ್ ಸಾಮಾನ್ಯವಾಗಿ ತಿಂಗಳಿಗೆ ಇಷ್ಟು ಅಂತ ಕೊಟ್ಟು ಇರುವ ಜಾಗ. ಇದು ಗೊತ್ತಿಲ್ಲದೆ ರಾತ್ರಿ ಹೊತ್ತು ಹೋಗಿ ಗೇಟಿನಲ್ಲಿ ನಿಂತರೆ, ಒಳಗಿರುವ ಸಿಸ್ಟರ್‌ಗೂ ಕಷ್ಟ, ನಿಮಗೂ ಕಷ್ಟ.

ಹಾಗಂತ ಈ ಕೆಲಸ ಚರ್ಚಿಗೆ ಹೊಸದೇನಲ್ಲ. ಗುಡ್ ಶೆಫರ್ಡ್ ಸಿಸ್ಟರ್‌ಗಳನ್ನೇ ತಗೊಳ್ಳಿ. 1835ರಲ್ಲಿ ಫ್ರಾನ್ಸಿನ ಆಂಜೆ ಊರಲ್ಲಿ ಶುರುವಾದ ಸಂಘ, ಬೆಂಗಳೂರಿಗೆ ಬಂದದ್ದು 1854ರಲ್ಲಿ. ನಗರದ ಬಹಳ ಜನಕ್ಕೆ ಅವರು ಶಾಲೆ ನಡೆಸುವವರು ಅಂತಲೇ ಗೊತ್ತು. ಆದರೆ ಆ ಸಂಘ ಹುಟ್ಟಿದ್ದೇ ಕಷ್ಟಕ್ಕೆ ಸಿಕ್ಕ ಹೆಂಗಸರು, ಹುಡುಗಿಯರಿಗಾಗಿ. ಹೊಡೆತದಿಂದ ಓಡಿ ಬಂದವಳಿಗೆ ಬಾಗಿಲು ತೆಗೆಯುವ ಸಂಘಗಳು ಮಂಗಳೂರು, ಮೈಸೂರು ಕಡೆಯೂ ಇವೆ.

ನೀವು ಹುಡುಕಬೇಕಾದ್ದು ಎರಡು ಥರದ ಮನೆ. ಒಂದು, ಸರ್ಕಾರದ ಅನುದಾನ ಪಡೆದು ಚರ್ಚಿನ ಸಂಸ್ಥೆ ನಡೆಸುವಂಥದ್ದು. ಹಿಂದೆ ಇದಕ್ಕೆ ಶಾರ್ಟ್ ಸ್ಟೇ ಹೋಮ್ ಅನ್ನುತ್ತಿದ್ದರು, ಆಮೇಲೆ ಸ್ವಾಧಾರ ಗೃಹ ಆಯಿತು, 2022ರಿಂದ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆಯ ಅಡಿ ಶಕ್ತಿ ಸದನ ಅನ್ನುವ ಹೆಸರು. ಇಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯವರು ಬಂದು ತಪಾಸಣೆ ಮಾಡುತ್ತಾರೆ, ಧರ್ಮ ನೋಡುವಂತಿಲ್ಲ. ತೊಂದರೆ ಒಂದೇ: ಗೇಟಿನ ಮೇಲೆ ಬೋರ್ಡು ಇರುತ್ತದೆ, ಊರಿಗೆಲ್ಲ ಜಾಗ ಗೊತ್ತಿರುತ್ತದೆ. ಇನ್ನೊಂದು, ಸಂಘವೇ ತನ್ನ ದುಡ್ಡಲ್ಲಿ ನಡೆಸುವ ಸಣ್ಣ ಮನೆ. ಬೋರ್ಡಿಲ್ಲ, ಸದ್ದಿಲ್ಲ, ಏಳೆಂಟು ಹೆಂಗಸರಿಗಿಂತ ಜಾಸ್ತಿ ಜನ ಇರುವುದಿಲ್ಲ. ಅಲ್ಲಿ ನಿಯಮ ಏನಿದ್ದರೂ ಆ ಮನೆಯ ಸುಪೀರಿಯರ್, ಅಂದರೆ ಮುಖ್ಯಸ್ಥೆ ಸಿಸ್ಟರ್, ಹೇಳಿದ್ದು.

ನನ್ನನ್ನು ಕೇಳಿದರೆ, ಗಂಡ ಹುಡುಕಿಕೊಂಡು ಬರುವ ಜಾತಿಯವನಾದರೆ ಬೋರ್ಡು ಇರುವ ಮನೆಯಾಗಲಿ ಬೋರ್ಡಿಲ್ಲದ್ದಾಗಲಿ, ಬೇರೆ ಜಿಲ್ಲೆಯದ್ದೇ ಆಗಲಿ. ಕುಡಿದಾಗ ಕೈ ಎತ್ತುತ್ತಾನೆ, ಎದ್ದ ಮೇಲೆ ಕಾಲಿಗೆ ಬೀಳುತ್ತಾನೆ ಅನ್ನುವವನು ಕೂಡ ಹೆಂಡತಿ ಮನೆ ಬಿಟ್ಟ ವಾರದಲ್ಲಿ ಬೇರೆಯೇ ಮನುಷ್ಯನಾಗಬಹುದು.

ಫೋನ್ ಯಾರಿಗೆ ಮಾಡಬೇಕು

181ಕ್ಕೆ ಮಾಡಿ "ಮಕ್ಕಳ ಜೊತೆ ಇರೋಕೆ ಜಾಗ ಬೇಕು, ಸಿಸ್ಟರ್‌ಗಳು ನಡೆಸೋ ಮನೆ ಹತ್ತಿರದಲ್ಲಿ ಇದೆಯಾ" ಅಂತಲೇ ಕೇಳಿ. ಜಿಲ್ಲಾಸ್ಪತ್ರೆಗಳ ಹತ್ತಿರ ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಸರ್ಕಾರದ ಸಖಿ ಕೇಂದ್ರ ಇದೆ. ಅಲ್ಲಿ ಐದು ದಿನದವರೆಗೆ ಉಳಿಯಬಹುದು, ಆಮೇಲೆ ಅವರೇ ದೊಡ್ಡ ಆಶ್ರಯಕ್ಕೆ ಕಳಿಸುತ್ತಾರೆ. ರಾತ್ರೋರಾತ್ರಿ ಹೊರಡಬೇಕಾದರೆ ನೇರ ಸಖಿಗೆ ಹೋಗುವುದೇ ವಾಸಿ. ನೊಂದ ಹೆಂಗಸರಿಗೆ ಸಲಹೆ ಕೊಡುವ ಸಾಂತ್ವನ ಕೇಂದ್ರ ಇರುವ ತಾಲೂಕಿನಲ್ಲಿ ಅವರಿಗೂ ಈ ಮನೆಗಳ ಪರಿಚಯ ಇರುತ್ತದೆ.

ಹಳ್ಳಿಯಲ್ಲಿದ್ದರೆ ಅಂಗನವಾಡಿ ಟೀಚರ್ ಒಂದು ದಾರಿ. ಮಗುವನ್ನು ಕರೆದುಕೊಂಡು ಅಂಗನವಾಡಿಗೆ ಹೋದರೆ ಅತ್ತೆಗೆ ಅನುಮಾನ ಬರುವುದಿಲ್ಲ. ಅವರು ಕೆಲಸ ಮಾಡುವುದು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕೈಕೆಳಗೆ, ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ ಕೂಡ ಅದೇ ಸಿಡಿಪಿಒ. ಆದರೆ ಟೀಚರ್ ನಿಮ್ಮ ಗಂಡನ ಕಡೆಯ ನೆಂಟರಾಗಿದ್ದರೆ ಸುಮ್ನೆ 181 ಹಿಡಿಯಿರಿ.

ನೀವು ಕ್ರಿಶ್ಚಿಯನ್ ಆಗಿದ್ದರೆ ನಿಮ್ಮದೇ ಧರ್ಮಕೇಂದ್ರದ ಸಿಸ್ಟರ್ ಬಳಿ ಹೇಳಬೇಕು ಅನ್ನಿಸುತ್ತದೆ. ಹೇಳಿ, ಆದರೆ ಇರುವುದಕ್ಕೆ ಬೇರೆ ಕಡೆಯ ಮನೆ ಕೇಳಿ. ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ನಿಮ್ಮ ಗಂಡ, ನಾದಿನಿ, ಅವರ ಪರಿಚಯದವರು ಎಲ್ಲರೂ ಅಲ್ಲೇ ನಿಂತಿರುತ್ತಾರೆ ಅಲ್ವಾ.

ಫೋನಿನಲ್ಲಿ ಮಾತು ಹೀಗೆ ಶುರುವಾಗುತ್ತದೆ:

"ಸಿಸ್ಟರ್, ನನಗೆ ಇರೋಕೆ ಜಾಗ ಬೇಕಿತ್ತು. ಇಬ್ಬರು ಮಕ್ಕಳಿದಾರೆ."

"ಈಗ ಎಲ್ಲಿಂದ ಮಾತಾಡ್ತಿದೀಯಮ್ಮಾ? ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಇಲ್ಲ, ಅಂಗಡಿಯಿಂದ."

"ಮೈಗೆ ಪೆಟ್ಟಾಗಿದೆಯಾ? ಮಕ್ಕಳಿಗೆ?"

ಇಷ್ಟನ್ನು ಮೊದಲು ಕೇಳುವ ಮನೆ ಒಳ್ಳೆಯ ಮನೆ. ಜಾತಿ, ಧರ್ಮ, ಗಂಡನ ಕೆಲಸ, ನೀವೇನು ತಪ್ಪು ಮಾಡಿದಿರಿ ಅಂತ ಮೊದಲು ಕೇಳಿದರೆ ಇನ್ನೊಂದು ನಂಬರ್ ನೋಡಿ.

ಆಮೇಲೆ ನಿಮ್ಮ ಸರದಿ. ಸಂಕೋಚ ಪಡದೆ ಕೇಳಿ. ಗಂಡುಮಗನನ್ನು ಎಷ್ಟು ವರ್ಷದವರೆಗೆ ಜೊತೆಗೆ ಬಿಡುತ್ತಾರೆ? ಕೆಲವು ಕಡೆ ಎಂಟು, ಕೆಲವು ಕಡೆ ಹನ್ನೆರಡು. ಅದಕ್ಕಿಂತ ದೊಡ್ಡವನಾದರೆ ಎಲ್ಲಿ ಇಡುತ್ತಾರೆ, ವಾರಕ್ಕೆ ಎಷ್ಟು ಸಲ ನೋಡಬಹುದು? ಎಷ್ಟು ದಿನ ಇರಬಹುದು? ಫೋನ್ ಇಟ್ಟುಕೊಳ್ಳಬಹುದಾ? ಕೆಲಸಕ್ಕೆ ಹೋಗಿ ಬರಬಹುದಾ, ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ? ದುಡ್ಡು ಕೊಡಬೇಕಾ? ಪ್ರಾರ್ಥನೆಗೆ ಬರಲೇಬೇಕಾ? ಊಟದಲ್ಲಿ ಮಾಂಸ ಇರುತ್ತದಾ, ತಿನ್ನದವರಿಗೆ ಬೇರೆ ಮಾಡುತ್ತಾರಾ? ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಹೊಡೆತಕ್ಕೆ ಹೆದರದೆ ಬಂದವಳು ಎರಡನೇ ದಿನ ಊಟದ ಕಾರಣಕ್ಕೆ, ಮಗನನ್ನು ಬೇರೆ ಕಟ್ಟಡಕ್ಕೆ ಕಳಿಸಿದ ಕಾರಣಕ್ಕೆ ಎದ್ದು ಹೋಗುವುದುಂಟು.

ಕೊನೆಗೆ ಮುಖ್ಯವಾದದ್ದು: "ಯಾರಾದ್ರೂ ಹುಡುಕ್ಕೊಂಡು ಬಂದ್ರೆ ನಾನು ಇಲ್ಲಿದೀನಿ ಅಂತ ಹೇಳ್ತೀರಾ?" ಕಾನೂನಿನ ಪ್ರಕಾರ, ಸರ್ಕಾರ ಗುರುತಿಸಿದ ಆಶ್ರಯಮನೆಯವರು ನೀವು ಬೇಡ ಅಂದರೆ ನೀವು ಅಲ್ಲಿರುವುದನ್ನು ಗಂಡನಿಗೆ ಹೇಳುವಂತಿಲ್ಲ. ಡಿಐಆರ್, ಅಂದರೆ ಕೌಟುಂಬಿಕ ಘಟನಾ ವರದಿ, ಇನ್ನೂ ಬರೆಸಿಲ್ಲ ಅನ್ನುವ ಕಾರಣಕ್ಕೆ ಬಾಗಿಲು ಹಾಕುವಂತೆಯೂ ಇಲ್ಲ. ಎರಡೂ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳಲ್ಲಿ ಸ್ಪಷ್ಟವಾಗಿ ಇವೆ.

ಚೀಲದಲ್ಲಿ ಏನಿರಬೇಕು

ಸಮಯ ಇದ್ದರೆ ದಿನಕ್ಕೊಂದು ಕಾಗದದಂತೆ ಹೊರಗೆ ಸಾಗಿಸಿ. ನಂಬುವ ಒಬ್ಬರ ಮನೆಯಲ್ಲಿ, ಮಕ್ಕಳ ಹಳೆ ಸ್ಕೂಲ್ ಬ್ಯಾಗಿನಲ್ಲಿ ಇಡಿ. ಎಲ್ಲ ಒಟ್ಟಿಗೆ ಕಪಾಟಿನಿಂದ ಮಾಯವಾದರೆ ಗೊತ್ತಾಗಿಬಿಡುತ್ತದೆ.

ನಿಮ್ಮ ಮತ್ತು ಮಕ್ಕಳ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಸಣ್ಣ ಮಗುವಿದ್ದರೆ ತಾಯಿ ಕಾರ್ಡು. ಲಸಿಕೆ ಬರೆದಿರುವುದು ಅದರಲ್ಲೇ. ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡಿನ ಜೆರಾಕ್ಸ್, ಮದುವೆ ಸರ್ಟಿಫಿಕೇಟ್, ಇಲ್ಲದಿದ್ದರೆ ಮದುವೆಯ ಒಂದು ಫೋಟೋ ಮತ್ತು ಲಗ್ನಪತ್ರಿಕೆ. ಚರ್ಚಿನಲ್ಲಿ ಮದುವೆ ಆಗಿದ್ದರೆ ರಿಜಿಸ್ಟರಿನ ಪ್ರತಿಯನ್ನು ಆಮೇಲೆ ಯಾವಾಗ ಬೇಕಾದರೂ ಬರೆಸಿಕೊಳ್ಳಬಹುದು, ಅದಕ್ಕಾಗಿ ಕಾಯಬೇಡಿ. ಮಕ್ಕಳ ಮಾರ್ಕ್ಸ್ ಕಾರ್ಡು, ಅದರಲ್ಲಿ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ನಂಬರ್) ಇದೆಯಾ ನೋಡಿಕೊಳ್ಳಿ. ಹಿಂದೆ ಪೆಟ್ಟಾದಾಗ ಆಸ್ಪತ್ರೆಗೆ ಹೋಗಿದ್ದರೆ ಆ ಚೀಟಿಗಳು. ಪೆಟ್ಟು ಹೊಸದಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ "ಗಂಡ ಹೊಡೆದದ್ದು" ಅಂತಲೇ ಬರೆಸಿ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಬರೆಸಿದ ಚೀಟಿ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ನಿಲ್ಲುತ್ತದೆ.

ಕಾಗದ ಸಿಗದಿದ್ದರೆ ಬಿಡಿ, ಹೊರಡಿ. ಆಧಾರ್ ಇನ್ನೊಂದು ಸಲ ತೆಗೆಸಬಹುದು. ಒಡವೆ ತರಲು ಒಳಗೆ ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ. ನಿಮ್ಮ ಸ್ತ್ರೀಧನವನ್ನು ವಾಪಸ್ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ.

ಮಕ್ಕಳಿಗೆ ಎರಡು ಜೊತೆ ಬಟ್ಟೆ, ಯೂನಿಫಾರಂ, ಅವರು ಮಲಗುವಾಗ ಹಿಡಿದುಕೊಳ್ಳುವ ಒಂದು ಗೊಂಬೆಯೋ ಹೊದಿಕೆಯೋ. ದಿನಾ ತೆಗೆದುಕೊಳ್ಳುವ ಮಾತ್ರೆ.

ಇನ್ನು ಫೋನು. ಈಗಿನ ಕಾಲದಲ್ಲಿ ಗಂಡಂದಿರು ಹೆಂಡತಿಯನ್ನು ಹುಡುಕುವುದು ಬಸ್‌ಸ್ಟ್ಯಾಂಡಿನಲ್ಲಿ ಅಲ್ಲ, ಫೋನಿನಲ್ಲಿ. ಗೂಗಲ್ ಅಕೌಂಟ್ ಅವನು ಮಾಡಿಕೊಟ್ಟದ್ದಾದರೆ ಫೋನ್ ಎಲ್ಲಿದೆ ಅಂತ ಅವನಿಗೆ ಕೂತಲ್ಲೇ ಕಾಣುತ್ತದೆ. ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ನೋಡಿ, ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ನಿಮ್ಮ ಮಾತೆಲ್ಲ ಅವನು ಓದುತ್ತಿದ್ದಾನೆ ಅಂತ ಅರ್ಥ. ಆದರೆ ಮನೆಯಲ್ಲಿರುವಾಗಲೇ ಅದನ್ನು ತೆಗೆದು ಹಾಕಬೇಡಿ, ಎಚ್ಚರ ಆಗಿಬಿಡುತ್ತಾನೆ. ಬೇರೆಯವರ ಫೋನಿನಿಂದ ಮಾತಾಡಿ, ಹೊರಡುವ ಹೊತ್ತಿಗೆ ನಿಮ್ಮದನ್ನು ಸ್ವಿಚಾಫ್ ಮಾಡಿ, ಸಾಧ್ಯವಾದರೆ ಹೊಸ ಸಿಮ್, ಹೊಸ ಅಕೌಂಟ್. ಮಕ್ಕಳ ಟ್ಯಾಬ್ ಮರೆಯಬೇಡಿ.

ಹೊರಡುವ ದಿನ

ಅವನು ಕೆಲಸಕ್ಕೆ ಹೋದ ಮೇಲೆ, ಹಗಲು ಹೊತ್ತು, ಮಕ್ಕಳು ಸ್ಕೂಲಿನಿಂದ ಬರುವ ದಾರಿಯಲ್ಲೇ ಹೊರಡುವುದು ಒಳ್ಳೆಯದು. ಸಣ್ಣ ಮಕ್ಕಳಿಗೆ ಮೊದಲೇ ಹೇಳಬೇಡಿ. ಅವರು ಸುಳ್ಳು ಹೇಳಲಾರರು, ಹೇಳಿಸುವುದೂ ತಪ್ಪು.

ಕೈಯಲ್ಲಿ ದುಡ್ಡಿಲ್ಲ ಅಂತ ನಿಲ್ಲಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸಾಕು. ದೊಡ್ಡ ಗಂಡುಮಗನಿಗೆ ಮಾತ್ರ ಚಿಲ್ಲರೆ ಬೇಕು. ಈ ಯೋಜನೆ ಬಗ್ಗೆ ಟೀಕೆ ಮಾಡುವವರು ಬೇಕಾದಷ್ಟಿದ್ದಾರೆ. ತಾಲೂಕಿನಿಂದ ಜಿಲ್ಲೆಗೆ ಹೋಗಲು ಗಂಡನ ಮುಂದೆ ಕೈಚಾಚಬೇಕಿದ್ದ ಹೆಂಗಸಿಗೆ ಆ ಸೊನ್ನೆ ರೂಪಾಯಿ ಟಿಕೆಟ್ಟಿನ ಬೆಲೆ ಬೇರೆ. ಯುಪಿಐನಲ್ಲಿ ಆಟೋಗೆ ದುಡ್ಡು ಹಾಕಬೇಡಿ, ಜಂಟಿ ಖಾತೆಯಾದರೆ ಎಲ್ಲಿ ಇಳಿದಿರಿ ಅಂತ ಅವನಿಗೆ ಸುಳಿವು ಸಿಗುತ್ತದೆ.

ಮೊದಲ ರಾತ್ರಿ

ಗೇಟಿನಲ್ಲಿ ಕಾವಲಿನವರು ಹೆಸರು ಕೇಳುತ್ತಾರೆ. ಒಳಗೆ ಒಂದು ಉದ್ದನೆಯ ರಿಜಿಸ್ಟರ್: ಹೆಸರು, ವಯಸ್ಸು, ಮಕ್ಕಳು, ಬಂದ ಹೊತ್ತು, ಯಾರು ಕಳಿಸಿದರು. ಚೀಲ ತೆರೆದು ನೋಡುತ್ತಾರೆ. ಅವಮಾನ ಅನ್ನಿಸಬಹುದು, ಆದರೆ ಬ್ಲೇಡು, ನಿದ್ದೆ ಮಾತ್ರೆ, ಹುಡುಕುವ ಫೋನು ಒಳಗೆ ಹೋಗಬಾರದು ಅಂತ ಮಾಡುವುದು. ಬೆಲೆಬಾಳುವ ವಸ್ತು ಆಫೀಸಿನಲ್ಲಿ ಕೊಟ್ಟರೆ ಚೀಟಿ ಬರೆಸಿಕೊಳ್ಳಿ. ಮೈಮೇಲಿನ ಗಾಯ ಬರೆದಿಟ್ಟುಕೊಳ್ಳಲು ಹೇಳಿ, ಆಗಲೇ ಫೋಟೋ ತೆಗೆಸಿ. ಎರಡು ದಿನ ಕಳೆದರೆ ಬಾವು ಇಳಿದು, ಕಪ್ಪು ಹಳದಿಯಾಗಿರುತ್ತದೆ.

ಸಾಮಾನ್ಯವಾಗಿ ಹಾಲಿನಲ್ಲಿ ಸಾಲು ಮಂಚ, ಒಂದೊಂದರ ಪಕ್ಕ ಒಂದು ಸಣ್ಣ ಕಬ್ಬಿಣದ ಕಪಾಟು. ಸಣ್ಣ ಮಕ್ಕಳು ತಾಯಿಯ ಜೊತೆಗೇ ಮಲಗುತ್ತಾರೆ. ಗೋಡೆಯ ಮೇಲೆ ಶಿಲುಬೆ, ಮಾತೆ ಮೇರಿಯ ಪಟ. ಬೆಳಿಗ್ಗೆ ಐದೂವರೆಗೆ ಗಂಟೆ ಹೊಡೆಯುತ್ತದೆ, ಚಾಪೆಲ್‌ನಲ್ಲಿ ಪ್ರಾರ್ಥನೆ, ಆಮೇಲೆ ಚಹಾ. ನೆಲ ಒರೆಸುವುದು, ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಸರದಿ ಮೇಲೆ. ಮಧ್ಯಾಹ್ನ ಹೊಲಿಗೆ ಕ್ಲಾಸು. ಹೊಲಿಗೆಯ ಬಗ್ಗೆ ನನಗೆ ಒಂದು ತಕರಾರಿದೆ. ಎಲ್ಲ ಮನೆಯಲ್ಲೂ ಅದನ್ನೇ ಕಲಿಸುತ್ತಾರೆ, ಗಾರ್ಮೆಂಟ್ಸ್ ಇರುವ ಊರಿನಲ್ಲಿ ಸರಿ, ಬೇರೆ ಕಡೆ ಅದರಿಂದ ಮನೆ ಬಾಡಿಗೆ ಹುಟ್ಟುವುದಿಲ್ಲ. ಕಂಪ್ಯೂಟರ್, ನರ್ಸಿಂಗ್ ಸಹಾಯಕಿ ಕೆಲಸ, ಅಡುಗೆ ಕೆಲಸ ಏನಾದರೂ ಕಲಿಸುತ್ತಾರಾ ಅಂತ ಕೇಳಿ ನೋಡಿ.

ಮತಾಂತರದ ಭಯ ಬಹಳ ಜನಕ್ಕೆ ಇರುತ್ತದೆ, ತವರಿನವರು ಅದನ್ನೇ ದೊಡ್ಡದು ಮಾಡುತ್ತಾರೆ. ನಿಮ್ಮ ತಾಳಿ, ಕುಂಕುಮ, ಬುರ್ಖಾ ತೆಗೆಯಬೇಕಿಲ್ಲ. ಮಕ್ಕಳ ಹೆಸರು ಬದಲಾಗುವುದಿಲ್ಲ. ಪ್ರಾರ್ಥನೆಗೆ ಬರುವುದಿಲ್ಲ ಅಂದರೆ ಆ ಹೊತ್ತಿನಲ್ಲಿ ಸುಮ್ಮನೆ ಕೂರಬಹುದು. ಯಾರಾದರೂ ಒತ್ತಾಯ ಮಾಡಿದರೆ ಸಿಡಿಪಿಒಗೋ 181ಕ್ಕೋ ಹೇಳಿ. ಬೀಗ ಹಾಕಿ ಇಟ್ಟುಕೊಳ್ಳುವ ಹಕ್ಕು ಯಾವ ಸಂಸ್ಥೆಗೂ ಇಲ್ಲ. ನೀವು ವಯಸ್ಕರು, ಬೇಡ ಅನಿಸಿದ ದಿನ ಹೊರಡಬಹುದು.

ಮರುದಿನವೇ ಮಾಡಬೇಕಾದ ಕೆಲಸ

ಹೆಂಡತಿ ಮನೆ ಬಿಟ್ಟ ಕೂಡಲೇ ಗಂಡಂದಿರು ಮೊದಲು ಮಾಡುವುದು ಸ್ಟೇಷನ್ನಿಗೆ ಹೋಗಿ ಕಾಣೆಯಾಗಿದ್ದಾಳೆ ಅಂತ ದೂರು ಕೊಡುವುದು. ಕೆಲವರು ಮಕ್ಕಳನ್ನು ಕದ್ದುಕೊಂಡು ಹೋದಳು ಅಂತಲೂ ಬರೆಸುತ್ತಾರೆ. ಪೊಲೀಸರು ಹುಡುಕಲು ಶುರು ಮಾಡಿದರೆ ಆಶ್ರಯದ ಗುಟ್ಟು ಉಳಿಯುವುದಿಲ್ಲ. ಹಾಗಾಗಿ ಆಶ್ರಯದ ಸಿಬ್ಬಂದಿಯ ಜೊತೆ ಹತ್ತಿರದ ಸ್ಟೇಷನ್ನಿಗೆ ಹೋಗಿ ನೀವೇ ಹೇಳಿಕೆ ಕೊಡಿ: "ನನ್ನ ಇಷ್ಟದಿಂದ ಮನೆ ಬಿಟ್ಟಿದ್ದೇನೆ, ಮಕ್ಕಳು ನನ್ನ ಜೊತೆ ಕ್ಷೇಮವಾಗಿದ್ದಾರೆ, ಇರುವ ಜಾಗವನ್ನು ಗಂಡನಿಗೆ ತಿಳಿಸಬಾರದು." ಅದರ ಮೇಲೆ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಇಷ್ಟಾದರೆ ಅರ್ಧ ತಲೆನೋವು ಕಡಿಮೆ.

ಗಂಡನ ಮೇಲೆ ಕ್ರಿಮಿನಲ್ ಕೇಸು ಹಾಕಬೇಕಾ ಅನ್ನುವುದು ಬೇರೆ ಪ್ರಶ್ನೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಇದ್ದ ಹಿಂದಿನ 498ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದನ್ನು ಹಾಕಿದರೂ ಸರಿ, ಹಾಕದಿದ್ದರೂ ಆಶ್ರಯಕ್ಕೆ ತೊಂದರೆ ಇಲ್ಲ. ಬೇಗ ಕೆಲಸಕ್ಕೆ ಬರುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಸಿಡಿಪಿಒ ಬಳಿ ಡಿಐಆರ್ ಬರೆಸಿ. ದಿನಾಂಕ ನೆನಪಿಲ್ಲದಿದ್ದರೆ ಯುಗಾದಿ ಹಿಂದಿನ ದಿನ, ಮಗಳ ಪರೀಕ್ಷೆ ವಾರ ಅಂತ ಹೇಳಿದರೂ ನಡೆಯುತ್ತದೆ. ಹೊಡೆದದ್ದು ಮಾತ್ರ ಅಲ್ಲ, ಸಂಬಳ ಕಿತ್ತುಕೊಂಡದ್ದು, ಹಾಸಿಗೆಯಲ್ಲಿ ಬಲವಂತ ಮಾಡಿದ್ದು, ಊಟ ಕೊಡದೆ ಹೊರಗೆ ನಿಲ್ಲಿಸಿದ್ದು, ಮಕ್ಕಳ ಮುಂದೆ ಹೊಲಸು ಬೈದದ್ದು ಎಲ್ಲ ಬರೆಸಿ. ಈ ಕಾಯ್ದೆಗೆ ಅದೆಲ್ಲವೂ ದೌರ್ಜನ್ಯವೇ.

ಕೋರ್ಟಿಗೆ ಗಂಡನ ಊರಿಗೇ ಹೋಗಬೇಕಾಗಿಲ್ಲ. ನೀವು ತಾತ್ಕಾಲಿಕವಾಗಿ ಇರುವ ಜಾಗದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಅರ್ಜಿ ಹಾಕಬಹುದು, ಅಂದರೆ ಆಶ್ರಯ ಇರುವ ಊರಿನಲ್ಲೇ. ಹಾಗೆ ಹಾಕಿದರೆ ನೀವು ಯಾವ ಊರಲ್ಲಿದ್ದೀರಿ ಅಂತ ಅವನಿಗೆ ಗೊತ್ತಾಗುತ್ತದೆ, ಅದನ್ನು ವಕೀಲರ ಜೊತೆ ಮೊದಲೇ ಮಾತಾಡಿ. ಹತ್ತಿರ ಬರಬಾರದು, ಮಕ್ಕಳ ಸ್ಕೂಲಿಗೆ ಹೋಗಬಾರದು ಅಂತ ಆದೇಶ ಕೇಳಬಹುದು. ಖರ್ಚಿಗೆ ದುಡ್ಡು, ಮಕ್ಕಳ ತಾತ್ಕಾಲಿಕ ಸುಪರ್ದಿ, ಬಾಡಿಗೆ ಮನೆ ಕೂಡ ಕೇಳಬಹುದು. ಅವಸರ ಇದ್ದರೆ ಗಂಡ ಬರುವ ಮೊದಲೇ ಮಧ್ಯಂತರ ಆದೇಶ ಕೊಡುವ ಅವಕಾಶ ಇದೆ. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿ ಇದೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಆ ಅರವತ್ತು ಎಷ್ಟು ಉದ್ದ ಅಂತ ಗೊತ್ತು.

ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಅಂತ ಕಾನೂನೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

"ಮನೆ ಬಿಟ್ಟು ಹೋದಳು, ಇನ್ನು ಹಕ್ಕಿಲ್ಲ" ಅಂತ ಅತ್ತೆ ಮನೆಯವರು ಹೇಳಿ ಕಳಿಸುತ್ತಾರೆ. ನಂಬಬೇಡಿ. ಜೀವ ಉಳಿಸಿಕೊಳ್ಳಲು ಆಶ್ರಯಕ್ಕೆ ಬಂದದ್ದು ಮನೆಯ ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಮನೆ ಮಾವನ ಹೆಸರಲ್ಲಿದ್ದರೂ ಸೊಸೆ ವಾಸದ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಕ್ಕಳ ಸ್ಕೂಲು

ಟಿಸಿ ತರಲು ಹಳೆ ಸ್ಕೂಲಿಗೆ ಹೋದರೆ ಗಂಡನಿಗೆ ಸುದ್ದಿ ಮುಟ್ಟುತ್ತದೆ. ಎಂಟನೇ ತರಗತಿವರೆಗೆ ಸರ್ಕಾರಿ, ಅನುದಾನಿತ ಶಾಲೆಗೆ ಸೇರುವಾಗ ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಇದೆ. ಮೊದಲು ಸೇರಿಸಿ, ಕಾಗದ ಆಮೇಲೆ. ಹೆಡ್‌ಮಿಸ್ ಜೊತೆ ಸಿಸ್ಟರ್ ಒಮ್ಮೆ ಮಾತಾಡಿದರೆ, ಮಗುವನ್ನು ಯಾರ ಜೊತೆ ಕಳಿಸಬೇಕು, ಯಾರ ಜೊತೆ ಕಳಿಸಬಾರದು ಅನ್ನುವುದು ಬರವಣಿಗೆಯಲ್ಲಿ ಇರುತ್ತದೆ. ಕಾಂಪೌಂಡಿನಲ್ಲೇ ಚರ್ಚಿನ ಶಾಲೆ ಇದ್ದರೆ ಮಕ್ಕಳು ಗೇಟು ದಾಟುವುದೇ ಬೇಡ. ಈ ಒಂದು ಅನುಕೂಲ ಸಿಸ್ಟರ್‌ಗಳ ಮನೆಯಷ್ಟು ಬೇರೆಲ್ಲೂ ಸಿಗುವುದು ಕಷ್ಟ.

ದೊಡ್ಡ ಮಗನನ್ನು ಹುಡುಗರ ಬೋರ್ಡಿಂಗಿಗೆ ಕಳಿಸಬೇಕು ಅಂದರೆ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಹೋಗಲಿ ಅಂತ ಕೇಳಿ. ಬಾಯಿಮಾತಿನಲ್ಲಿ ಬಿಟ್ಟರೆ ಆಮೇಲೆ ಗಂಡ ಹೋಗಿ "ನಾನು ಅಪ್ಪ" ಅಂತ ಕರೆದುಕೊಂಡು ಬರಬಹುದು. ಮಗನ ಮುಂದೆ ಕೂತು ಯಾಕೆ ಬೇರೆ ಇರಬೇಕಾಯಿತು ಅಂತ ಹೇಳಿ. ಹನ್ನೆರಡು ಹದಿಮೂರರ ಹುಡುಗನಿಗೆ, ತಾನೂ ಅಪ್ಪನ ಥರ ಅಂತ ಹೊರಗೆ ಹಾಕಿದರು ಅನ್ನುವ ಭಾವನೆ ಬೇಗ ಬರುತ್ತದೆ.

"ಸಹಿಸಿಕೋ ಮಗಳೇ" ಅಂದರೆ

ಚರ್ಚಿನ ಆಶ್ರಯದಲ್ಲಿ ಎದುರಾಗುವ ದೊಡ್ಡ ತೊಡಕು ಗೇಟಿನ ಹೊರಗೆ ನಿಂತ ಗಂಡ ಮಾತ್ರ ಅಲ್ಲ. ಒಳ್ಳೆಯ ಮನಸ್ಸಿನ ಫಾದರ್, ಪಾಸ್ಟರ್ ಅಥವಾ ವಯಸ್ಸಾದ ಸಿಸ್ಟರ್ ಕೂಡ ಆಗಬಹುದು. "ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು." "ಎಪ್ಪತ್ತೇಳು ಸಲ ಕ್ಷಮಿಸು." "ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು." ಹಿಂದೂ ಮನೆಯಲ್ಲಿ ಪಂಚಾಯ್ತಿ ಕೂತವರು ಹೇಳುವ ಹೊಂದಿಕೊಂಡು ಹೋಗಮ್ಮಾ ಅನ್ನುವುದೇ ಇಲ್ಲಿ ವಾಕ್ಯದ ರೂಪದಲ್ಲಿ ಬರುತ್ತದೆ.

ಕಥೋಲಿಕ ಹೆಂಗಸರು ಇದಕ್ಕೆ ಚರ್ಚಿನ ಮಾತಿನಿಂದಲೇ ಉತ್ತರ ಕೊಡಬಹುದು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1153ನೇ ನಿಯಮ ಹೇಳುವುದು ಇಷ್ಟು: ಸಂಗಾತಿಯಿಂದ ತನಗೋ ಮಕ್ಕಳಿಗೋ ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯ ಇದ್ದರೆ ಬೇರೆ ಹೋಗಲು ಅದು ನ್ಯಾಯವಾದ ಕಾರಣ. ಧರ್ಮಾಧ್ಯಕ್ಷರ (ಬಿಷಪ್) ಒಪ್ಪಿಗೆ ಬೇಕು, ಆದರೆ ತಡ ಮಾಡಿದರೆ ಅಪಾಯ ಅನ್ನುವಾಗ ಒಪ್ಪಿಗೆಗೆ ಕಾಯದೆ ಹೊರಡಬಹುದು. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ, ಹಿಂಸೆ ಇರುವ ಕಡೆ ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೂ ಅಗತ್ಯ ಅಂದರು. ಬೇರೆ ಇದ್ದಮಾತ್ರಕ್ಕೆ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತಪ್ಪುವುದಿಲ್ಲ, ಇದನ್ನು ಕೇಳಿ ಅತ್ತವರಿದ್ದಾರೆ. ಬೇರೆ ಕ್ರೈಸ್ತ ಸಭೆಗಳವರಿಗೆ ಇಂಥ ಒಂದೇ ನಿಯಮಪುಸ್ತಕ ಇಲ್ಲ. ಅವರು "ಅಧೀನಳಾಗಿರು" ಅನ್ನುವ ಬೈಬಲಿನ ಎಫೆಸದವರ ಪತ್ರದ ಅದೇ ಐದನೇ ಅಧ್ಯಾಯವನ್ನು ಮೂರು ವಚನ ಮುಂದಕ್ಕೆ ಓದಿ ಅಂತ ಕೇಳಬಹುದು. ಗಂಡ ಹೆಂಡತಿಯನ್ನು ಹೇಗೆ ಪ್ರೀತಿಸಬೇಕು ಅಂತ ಅಲ್ಲಿದೆ.

ರಾಜಿ ಮಾತುಕತೆಗೆ ಕರೆದರೆ ಹೋಗಲೇಬೇಕು ಅಂತಿಲ್ಲ. ಹೋದರೆ ಎರಡು ಷರತ್ತು ಇಡಿ: ಗಂಡನನ್ನು ಆಶ್ರಯಕ್ಕೆ ಕರೆಸಬಾರದು, ನಿಮ್ಮ ಕಡೆಯ ಒಬ್ಬರು ಜೊತೆಗಿರಬೇಕು. ಕೋರ್ಟು ನೇಮಿಸಿದ ಕೌನ್ಸೆಲಿಂಗ್‌ನಲ್ಲಿ ಹೊಡೆದದ್ದಕ್ಕೆ ಗಂಡ ಕಾರಣ ಕೊಟ್ಟು ಸಮರ್ಥನೆ ಮಾಡುವಂತೆಯೇ ಇಲ್ಲ ಅಂತ 2006ರ ನಿಯಮ ಹೇಳುತ್ತದೆ. ಫಾದರ್ ರೂಮಿನಲ್ಲೂ ಅದೇ ನಿಯಮ ಇರಲಿ ಅಂತ ಕೇಳಿದರೆ ತಪ್ಪೇನಿಲ್ಲ.

ಚರ್ಚಿನ ನ್ಯಾಯಮಂಡಳಿ ಮದುವೆ ಅಸಿಂಧು ಅಂದರೂ ಕಾನೂನಿನ ಕಣ್ಣಲ್ಲಿ ಮದುವೆ ಹಾಗೇ ಇರುತ್ತದೆ. ಕ್ರಿಶ್ಚಿಯನ್ ಹೆಂಗಸಿಗೆ ಕ್ರೌರ್ಯ ಒಂದೇ ಕಾರಣದ ಮೇಲೆ ವಿಚ್ಛೇದನ ಸಿಗುವಂತಾದದ್ದು 2001ರ ತಿದ್ದುಪಡಿಯ ನಂತರ. ಅದು ಕೋರ್ಟಿನ ಕೆಲಸ, ಈಗಲೇ ತೀರ್ಮಾನ ಮಾಡಬೇಕಾದ್ದೂ ಅಲ್ಲ.

ಹೊರದೇಶದಲ್ಲಿದ್ದರೆ

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಸಾಲ್ವೇಶನ್ ಆರ್ಮಿಯಂಥ ಕ್ರೈಸ್ತ ಸಂಸ್ಥೆಗಳು ಇಂಥ ಮನೆಗಳನ್ನು ನಡೆಸುತ್ತವೆ. ವಿಳಾಸ ಹೊರಗೆ ಹೇಳುವುದಿಲ್ಲ, ಫೋನಿನ ಮೂಲಕವೇ ಹೋಗಬೇಕು. ಅಮೆರಿಕದಲ್ಲಿ 1-800-799-7233, ಇಂಗ್ಲೆಂಡಿನಲ್ಲಿ 0808 2000 247, ಆಸ್ಟ್ರೇಲಿಯಾದಲ್ಲಿ 1800 737 732. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಕನ್ನಡ ಅನುವಾದಕರು ಬೇಕು ಅಂತ ಕೇಳಿ. ಕನ್ನಡ ಕೂಟದ ಗೆಳತಿಗಿಂತ ಮೊದಲು ಈ ನಂಬರ್, ಯಾಕೆಂದರೆ ಆ ಗೆಳತಿಯ ಗಂಡ ನಿಮ್ಮ ಗಂಡನ ಗೆಳೆಯ. ಪಾಸ್‌ಪೋರ್ಟ್, ವೀಸಾದ ಫೋಟೋ ತೆಗೆದು ಹೊಸ ಇಮೇಲಿಗೆ ಹಾಕಿಕೊಳ್ಳಿ.

ಅಲ್ಲಿಂದ ಹೊರಗೆ

ಒಂದೆರಡು ತಿಂಗಳಲ್ಲೇ ಮುಂದಿನ ಜಾಗದ ಲೆಕ್ಕ ಶುರು ಮಾಡಿ. ನಿಮ್ಮ ಹೆಸರಲ್ಲಿ ಮಾತ್ರ ಇರುವ ಹೊಸ ಬ್ಯಾಂಕ್ ಖಾತೆ ತೆಗೆಯಿರಿ, ಆಧಾರಿಗೆ ಹೊಸ ಮೊಬೈಲ್ ನಂಬರ್ ಜೋಡಿಸಿ. ಗೃಹಲಕ್ಷ್ಮಿಯ 2,000 ರೂಪಾಯಿ ನಿಮಗೆ ಬರುತ್ತಿದ್ದು, ಎಟಿಎಂ ಕಾರ್ಡ್ ಗಂಡನ ಕೈಲಿದ್ದರೆ ಬ್ಯಾಂಕಿಗೆ ಹೋಗಿ ಆ ಕಾರ್ಡ್ ಬ್ಲಾಕ್ ಮಾಡಿಸಿ, ಆಧಾರ್ ಜೋಡಣೆಯನ್ನು ಹೊಸ ಖಾತೆಗೆ ಬದಲಾಯಿಸಿ. ಮಕ್ಕಳೊಂದಿಗೆ ಇರಬಹುದಾದ ಕೆಲಸದ ಹೆಂಗಸರ ಹಾಸ್ಟೆಲ್‌ಗಳು ಸಖಿ ನಿವಾಸ ಅನ್ನುವ ಹೆಸರಲ್ಲಿ ಇವೆ, ಅವನ್ನು ವಿಚಾರಿಸಿ. ಆಶ್ರಯದಲ್ಲೇ ಪರಿಚಯವಾದ ಇಬ್ಬರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿಯುವುದು ಈಗ ಸಾಮಾನ್ಯ. ಒಬ್ಬಳು ಬೆಳಗಿನ ಪಾಳಿ, ಇನ್ನೊಬ್ಬಳು ಮಧ್ಯಾಹ್ನದ ಪಾಳಿ, ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾವಾಗಲೂ ಒಬ್ಬರು. ಒಂಟಿ ಹೆಂಗಸಿಗೆ ಮನೆ ಕೊಡಲು ಮಾಲೀಕರು ಹಿಂದೆಮುಂದೆ ನೋಡುವಾಗ ಸಿಸ್ಟರ್ ಜೊತೆಗೆ ಬಂದು ಮಾತಾಡಿದರೆ ಬೇಗ ಒಪ್ಪುತ್ತಾರೆ. ಕೇಳಿಕೊಳ್ಳಿ, ಬರುತ್ತಾರೆ.

ಸಹಾಯ ಮಾಡಬೇಕು ಅನ್ನುವವರಿಗೂ ಒಂದು ಮಾತು. ಹಳೆ ಸೀರೆಯ ಗಂಟು ಬೇಡ, ಅದು ಎಲ್ಲ ಮನೆಯಲ್ಲೂ ಅಟ್ಟದ ತನಕ ತುಂಬಿದೆ. ಹೊಸ ಒಳಉಡುಪು, ಪ್ಯಾಡು, ಸಣ್ಣ ಮಗುವಿನ ಡೈಪರ್, ಮಕ್ಕಳ ಅಳತೆಗೆ ಚಪ್ಪಲಿ, ಬಾಡಿಗೆ ಮನೆಯ ಅಡ್ವಾನ್ಸಿಗೆ ಒಂದಿಷ್ಟು ದುಡ್ಡು ಕೊಡಿ. ಏನು ಬೇಕು ಅಂತ ಮೊದಲು ಫೋನಿನಲ್ಲಿ ಕೇಳಿ. ಹೋದಾಗ ಹೆಂಗಸರ, ಮಕ್ಕಳ ಫೋಟೋ ತೆಗೆಯಬೇಡಿ, ಬರ್ತ್‌ಡೇ ಕೇಕ್ ಕತ್ತರಿಸಿದ್ದನ್ನು ಸ್ಟೇಟಸ್‌ಗೆ ಹಾಕಬೇಡಿ. ಹಿಂದಿನ ಗೋಡೆ ನೋಡಿ ಜಾಗ ಗುರುತು ಹಿಡಿಯುವ ಗಂಡಂದಿರು ಇದ್ದಾರೆ.